ಕಟ್ಟದ ಲೋಡು ಗೇಟು ದಾಟದಿರಲಿ: ಮಂಡ್ಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ, ಸಮಿತಿಯ ಸದಸ್ಯರೇ,

ನಮಸ್ಕಾರ. ನಾನು ಮಂಡ್ಯದಲ್ಲಿ ಒಂದು ಪಿಕಪ್ ಇಟ್ಟುಕೊಂಡು ಬಾಡಿಗೆಗೆ ಓಡಿಸುವವನು. ಕಬ್ಬಿಣ, ಪ್ಲೈವುಡ್, ಮನೆ ಸಾಮಾನು, ಅಕ್ಕಿ ಮೂಟೆ, ಮದುವೆ ಮನೆ ಪಾತ್ರೆ, ಯಾವುದು ಬಂದರೂ ಹೇರಿಕೊಂಡು ಹೋಗುತ್ತೇನೆ. ಹೆಲ್ಮೆಟ್, ರಸ್ತೆ ಹಂಪ್, ಬ್ಲ್ಯಾಕ್ ಸ್ಪಾಟ್, ಸಿಗ್ನಲ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಬೇಕಾದದ್ದೇ. ಆದರೆ ಗಾಡಿಗೆ ಹೇರಿದ ಸಾಮಾನನ್ನು ಹೇಗೆ ಕಟ್ಟಬೇಕು ಅನ್ನುವ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ಅದಕ್ಕೇ ಈ ಪತ್ರ. ಕೇಳಿಕೊಳ್ಳುವುದು ಒಂದೇ: ಸರಿಯಾಗಿ ಕಟ್ಟದ ಲೋಡನ್ನು ರಸ್ತೆಯಲ್ಲಿ ಹಿಡಿಯುವುದಕ್ಕಿಂತ ಮೊದಲು, ಲೋಡ್ ಮಾಡಿದ ಜಾಗದಿಂದಲೇ ಹೊರಗೆ ಬಿಡದ ಹಾಗೆ ಮಾಡಿ.

ಸರ್ವಿಸ್ ರಸ್ತೆಯಿಂದ ಶುರು ಮಾಡುತ್ತೇನೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳಿಗೆ ಮುಖ್ಯ ರಸ್ತೆ ಬಂದ್ ಆಯಿತು. ಸರಿಯಾದ ತೀರ್ಮಾನವೇ. ಅಷ್ಟು ವೇಗವಾಗಿ ಬರುವ ಕಾರುಗಳ ನಡುವೆ ಟ್ರ್ಯಾಕ್ಟರಿಗೆ ಏನು ಕೆಲಸ? ಆದರೆ ಅವೆಲ್ಲ ಸರ್ವಿಸ್ ರಸ್ತೆಗೆ ಬಂದು ಸೇರಿಕೊಂಡವು. ಕಂಬಿ ಹೇರಿದ ಲಗೇಜ್ ಆಟೋ, ಕಬ್ಬಿನ ಟ್ರ್ಯಾಕ್ಟರ್, ಅವುಗಳ ಹಿಂದೆಯೇ ಮಗುವನ್ನು ಮುಂದೆ ನಿಲ್ಲಿಸಿಕೊಂಡ ಸ್ಕೂಟರ್. ಸಂಜೆ ಹೊತ್ತು ಮದ್ದೂರಿನಿಂದ ಮಂಡ್ಯಕ್ಕೆ ಆ ರಸ್ತೆಯಲ್ಲಿ ಒಮ್ಮೆ ಬನ್ನಿ. ಆಟೋದ ಹಿಂದೆ ಚಾಚಿಕೊಂಡ ಕಂಬಿ, ಅದರ ತುದಿಗೊಂದು ಕೆಂಪು ಬಟ್ಟೆ ಚೂರು. ಕತ್ತಲಾದ ಮೇಲೆ ಆ ಬಟ್ಟೆ ಯಾರಿಗೆ ಕಾಣಬೇಕು?

ಏನಿಂದ ಕಟ್ಟಿದ್ದಾರೆ ಅಂತ ಹತ್ತಿರ ಹೋಗಿ ನೋಡಿದರೆ ಎರಡು ಸುತ್ತು ಪ್ಲಾಸ್ಟಿಕ್ ಹಗ್ಗ. ಎಷ್ಟೋ ಸಲ ಅದೂ ಇಲ್ಲ. ಲೋಡು ಬಿಗಿಯುವ ಬೆಲ್ಟ್ ಇರಬೇಕಾದ ಜಾಗದಲ್ಲಿ ಒಬ್ಬ ಹುಡುಗ ಕೂತಿರುತ್ತಾನೆ. ಪ್ಲೈವುಡ್ ಶೀಟಿನ ಮೇಲೆ, ಹಾಸಿಗೆಯ ಮೇಲೆ, ಬೀರುವನ್ನು ತಬ್ಬಿಕೊಂಡು. "ಹಿಡ್ಕೊಂಡ್ ಕೂತ್ಕೊಳ್ಲಾ, ಇಲ್ಲೇ ಅಲ್ವಾ" ಅಂತ ಹೇಳಿ ಹೊರಟುಬಿಡುತ್ತಾರೆ. ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದರೆ ಆ ಹುಡುಗ ಬೀರುವನ್ನು ಹಿಡಿಯುವುದಿರಲಿ, ಬೀರುವಿನ ಕೆಳಗೆ ಅವನೇ ಇರುತ್ತಾನೆ.

ನಮ್ಮ ಸ್ಟ್ಯಾಂಡಿನಲ್ಲಿ ದಿನಾ ಕೇಳುವ ಇನ್ನೊಂದು ಮಾತಿದೆ. "ಭಾರ ಐತೆ ಕಣಣ್ಣ, ಅದೆಲ್ಲೋದದು?" ಭಾರದ ಸಾಮಾನು ಅಲ್ಲಾಡುವುದಿಲ್ಲ ಅನ್ನುವ ಗಟ್ಟಿ ನಂಬಿಕೆ. ಭಾರ ಜಾಸ್ತಿಯಾದಷ್ಟೂ ಅದು ಗಾಡಿಯ ತಳಕ್ಕೆ ಕಚ್ಚಿಕೊಳ್ಳುವುದೂ ಜಾಸ್ತಿ, ನಿಜ. ಆದರೆ ಬ್ರೇಕ್ ಹಾಕಿದಾಗ ಮುಂದಕ್ಕೆ ನುಗ್ಗುವ ಬಲವೂ ಅಷ್ಟೇ ಏರುತ್ತದೆ. ಒಂದನ್ನೊಂದು ಹೊಡೆದುಹಾಕುತ್ತವೆ. 100 ಕೆಜಿ ಜಾರುವ ಬ್ರೇಕಿಗೆ 1,000 ಕೆಜಿಯೂ ಜಾರುತ್ತದೆ. ಬಂದು ಗುದ್ದುವುದು ಮಾತ್ರ ಹತ್ತು ಪಟ್ಟು ಜೋರು. ಕ್ಯಾಬಿನ್ ಹಿಂಭಾಗದ ತಗಡು ಎಷ್ಟು ದಪ್ಪ ಇರುತ್ತದೆ ಅಂತ ನಮ್ಮ ಡ್ರೈವರುಗಳಿಗೆ ನಾನು ಹೇಳಬೇಕಿಲ್ಲ.

ಸ್ವಲ್ಪ ಲೆಕ್ಕ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಲೋಡ್ ಕಟ್ಟುವುದಕ್ಕೆ ಯೂರೋಪಿನಲ್ಲಿ ಇಎನ್ 12195 ಅಂತ ಒಂದು ಮಾನದಂಡ ಇದೆ. ರಸ್ತೆಯಲ್ಲಿ ಹೋಗುವ ಸಾಮಾನು ತನ್ನ ತೂಕದ 10ರಲ್ಲಿ 8 ಪಾಲು ಬಲ ಮುಂದಕ್ಕೆ ತಳ್ಳಿದರೂ ಜರುಗಬಾರದು ಅನ್ನುತ್ತದೆ ಅದು. ಪಕ್ಕಕ್ಕೆ ಮತ್ತು ಹಿಂದಕ್ಕೆ 10ರಲ್ಲಿ 5 ಪಾಲು. ಈಗ 1,000 ಕೆಜಿ ಮರದ ಸಾಮಾನು ಹೇರಿದ್ದೀರಿ ಅಂದುಕೊಳ್ಳಿ. ಜೋರು ಬ್ರೇಕಿಗೆ ಮುಂದಕ್ಕೆ 800 ಕೆಜಿ ಬಲ. ಮರಕ್ಕೂ ಗಾಡಿಯ ತಳಕ್ಕೂ ಇರುವ ಹಿಡಿತ ತೂಕದ 10ರಲ್ಲಿ 3 ಪಾಲು ಅಂತ ಇಟ್ಟುಕೊಳ್ಳೋಣ. ಸುಮ್ನೆ ಇಟ್ಟರೂ 300 ಕೆಜಿ ಮಟ್ಟಿಗೆ ಅದು ತಾನೇ ತಡೆದುಕೊಳ್ಳುತ್ತದೆ. ಬಾಕಿ 500?

ಅದಕ್ಕೇ ರಾಚೆಟ್ ಬೆಲ್ಟ್, ಅಂದರೆ ಹಲ್ಲುಚಕ್ರದ ಹಿಡಿ ಆಡಿಸಿ ಬಿಗಿಯುವ ಬೆಲ್ಟ್. ಮೇಲಿಂದ ಹಾಯಿಸಿ ಬಿಗಿದ ಬೆಲ್ಟ್ ಸಾಮಾನನ್ನು ತಳಕ್ಕೆ ಅದುಮುತ್ತದೆ, ಅದರಿಂದ ಹಿಡಿತ ಹೆಚ್ಚುತ್ತದೆ. ಅಷ್ಟೇ ಅದರ ಕೆಲಸ. 50 ಮಿ.ಮೀ. ಅಗಲದ ಒಳ್ಳೆಯ ಬೆಲ್ಟನ್ನು ಕೈಯಲ್ಲಿ ಬಿಗಿದರೆ ಸಿಗುವ ಬಿಗಿ ಸುಮಾರು 350 ಕೆಜಿ. ಎರಡೂ ಬದಿ ಸೇರಿದರೆ ಹೆಚ್ಚೆಂದರೆ 700. ಅದರ 10ರಲ್ಲಿ 3 ಪಾಲು 210. ಅಂದರೆ ಆ 500ನ್ನು ತುಂಬಲು ಮೂರು ಬೆಲ್ಟ್ ಬೇಕು. ಅದೂ ಬೆಲ್ಟ್ ಎರಡೂ ಬದಿಯಲ್ಲಿ ನೆಟ್ಟಗೆ ಕೆಳಕ್ಕೆ ಇಳಿದಿದ್ದರೆ. ಸಾಮಾನು ತಗ್ಗಾಗಿದ್ದು ಬೆಲ್ಟ್ ತಳದಿಂದ 30 ಡಿಗ್ರಿ ಮಾತ್ರ ಎದ್ದಿದ್ದರೆ ಅದುಮುವ ಬಲ ಅರ್ಧಕ್ಕಿಳಿಯುತ್ತದೆ. ಒಂದು ಬೆಲ್ಟ್ ಹಾಕಿ ಕೈ ಕೊಡವಿಕೊಂಡು ಹೊರಡುವವರು ಈ ಲೆಕ್ಕ ನೋಡಬೇಕು.

ಇದರಲ್ಲಿ ನನಗೆ ತುಂಬ ಇಷ್ಟವಾದ ಸಂಗತಿ ಬೇರೆ ಇದೆ. ಸಾಮಾನಿನ ಕೆಳಗೆ ಜಾರದ ರಬ್ಬರ್ ಹಾಸು ಹಾಕಿದರೆ ಹಿಡಿತ 10ರಲ್ಲಿ 6 ಪಾಲಿಗೆ ಏರುತ್ತದೆ. ಆಗ 600 ಕೆಜಿ ಮಟ್ಟಿಗೆ ಲೋಡು ತಾನೇ ನಿಲ್ಲುತ್ತದೆ. ಬಾಕಿ 200. ಒಂದು ಬೆಲ್ಟಿನಿಂದ ಈಗ 420 ಸಿಗುತ್ತದೆ. ಲೆಕ್ಕಕ್ಕೆ ಒಂದೇ ಸಾಕು, ಸಾಮಾನು ತಿರುಗದಿರಲಿ ಅಂತ ಎರಡು ಹಾಕಿದರೆ ಮುಗಿಯಿತು. ಮೂಟೆಯಿಂದ ಉದುರಿದ ಹೊಟ್ಟು, ಮರಳು, ಎಣ್ಣೆ ಇರುವ ತಳದಲ್ಲಿ ಇದೇ ಲೆಕ್ಕ ಉಲ್ಟಾ. ಲೋಡ್ ಹಾಕುವ ಮೊದಲು ಪೊರಕೆ ಹಿಡಿದು ಗುಡಿಸಿದರೆ ಅದೂ ಕಟ್ಟುವ ಕೆಲಸದಲ್ಲಿ ಅರ್ಧ. ಸಾಮಾನನ್ನು ಕ್ಯಾಬಿನ್ ಕಡೆಯ ಹಲಗೆಗೆ ಒತ್ತಿ, ನಡುವೆ ಸಂದು ಬಿಡದೆ ಇಟ್ಟರೆ ಇನ್ನೂ ಒಳ್ಳೆಯದು. ಒಂದಡಿ ಸಂದು ಬಿಟ್ಟರೆ ಆ ಒಂದಡಿಯಲ್ಲಿ ಲೋಡು ವೇಗ ಹಿಡಿದುಕೊಳ್ಳುತ್ತದೆ.

ಇನ್ನು "5 ಟನ್ ಬೆಲ್ಟ್" ಕಥೆ. ಅಂಗಡಿಯವನು ಹಾಗಂತ ಕೊಡುತ್ತಾನೆ, ನಾವು 5 ಟನ್ ಲೋಡಿಗೆ ಒಂದು ಸಾಕು ಅಂತ ತರುತ್ತೇವೆ. ಬೆಲ್ಟಿಗೆ ಹೊಲಿದಿರುವ ಪಟ್ಟಿಯನ್ನು ಓದಬೇಕು. ಪಾಲಿಯೆಸ್ಟರ್ ಬೆಲ್ಟಾದರೆ ಆ ಪಟ್ಟಿ ನೀಲಿ ಬಣ್ಣದ್ದು. ಅದರಲ್ಲಿ ಎಲ್‌ಸಿ ಅಂತ ಇರುವುದು ಬೆಲ್ಟ್ ತಾಳಿಕೊಳ್ಳುವ ಎಳೆತ. ನೇರವಾಗಿ ಎಳೆದರೆ 2,500, ಸಾಮಾನಿನ ಸುತ್ತ ಹಾಕಿ ಎರಡೂ ಎಳೆ ಸೇರಿದರೆ 5,000 ಅಂತ ಬರೆದಿರುತ್ತಾರೆ. ಅಳತೆ ಡೆಕಾನ್ಯೂಟನ್‌ನಲ್ಲಿರುತ್ತದೆ, ಕೆಜಿ ಅಂತಲೇ ಓದಿಕೊಂಡರೂ ದೊಡ್ಡ ವ್ಯತ್ಯಾಸ ಆಗುವುದಿಲ್ಲ. ಎಸ್‌ಟಿಎಫ್ ಅಂತ ಇನ್ನೊಂದು ಅಂಕಿ ಇರುತ್ತದೆ. ಕೈಯಲ್ಲಿ ಬಿಗಿದಾಗ ಸಿಗುವ ಬಿಗಿ ಅದು, ಮೇಲೆ ಹೇಳಿದ 350. ಮೇಲಿಂದ ಕಟ್ಟುವವರಿಗೆ ಈ ಚಿಕ್ಕ ಅಂಕಿಯೇ ಲೆಕ್ಕ, ದೊಡ್ಡದು ಅಂಗಡಿಯವನ ಜಾಹೀರಾತಿಗೆ. ಪಟ್ಟಿಯೇ ಇಲ್ಲದ ಬೆಲ್ಟನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ತರಬೇಡಿ.

ಬಿಗಿಯುವುದು ಏನೂ ಕಷ್ಟವಿಲ್ಲ. ಬೆಲ್ಟಿನ ತುದಿಯನ್ನು ರಾಚೆಟ್‌ನ ಉರುಳೆಯ ಸೀಳಿನಲ್ಲಿ ತೂರಿಸಿ, ಸಡಿಲವನ್ನೆಲ್ಲ ಮೊದಲು ಕೈಯಿಂದಲೇ ಎಳೆದುಕೊಳ್ಳಬೇಕು. ಆಮೇಲೆ ಹಿಡಿಯನ್ನು ಹಿಂದೆ ಮುಂದೆ ಆಡಿಸುವುದು. ಟಕ್ ಟಕ್ ಅಂತ ಹಲ್ಲು ಹಲ್ಲಾಗಿ ಕಚ್ಚುತ್ತಾ ಹೋಗುತ್ತದೆ. ಉರುಳೆಯ ಮೇಲೆ ಕನಿಷ್ಠ ಒಂದೂವರೆ ಸುತ್ತು ಬೀಳಬೇಕು, ಇಲ್ಲದಿದ್ದರೆ ಜಾರುತ್ತದೆ. ಮೂರಕ್ಕಿಂತ ಜಾಸ್ತಿ ಬಿದ್ದರೆ ಉರುಳೆಯಲ್ಲೇ ಸಿಕ್ಕಿಕೊಂಡು ಬಿಚ್ಚಲು ಬರುವುದಿಲ್ಲ. ಸಡಿಲ ಎಳೆಯದೆ ಹಿಡಿಯಾಡಿಸಲು ಶುರು ಮಾಡುವವರಿಗೆ ಆಗುವುದು ಇದೇ. ಕೊನೆಗೆ ಹಿಡಿಯನ್ನು ಮಡಚಿ ಚಪ್ಪಟೆಯಾಗಿ ಕೂರಿಸಿ, ಉಳಿದ ಬಾಲವನ್ನು ಸುತ್ತಿ ಕಟ್ಟಬೇಕು. ಜೋತುಬಿದ್ದ ಬಾಲ ಚಕ್ರಕ್ಕೆ ಸಿಕ್ಕಿದರೆ ಬೇರೆ ಫಜೀತಿ. ಹಿಡಿಗೆ ಪೈಪ್ ತೂರಿಸಿ ನೇತಾಡುವ ಶೂರರನ್ನು ನೋಡಿದ್ದೇನೆ. ಅದು ಕೈ ಬಲಕ್ಕೆ ಮಾಡಿದ ಯಂತ್ರ. ಪೈಪ್ ಹಾಕಿದರೆ ಹಲ್ಲು ಮುರಿಯುತ್ತದೆ, ಹಿಡಿ ಹಿಂದಕ್ಕೆ ಹಾರಿದರೆ ಮುರಿಯುವುದು ನಮ್ಮ ಹಲ್ಲೇ.

ಬಿಚ್ಚುವಾಗ ಇನ್ನೂ ಹುಷಾರು. ರಾಚೆಟ್ ನಿಧಾನವಾಗಿ ಸಡಿಲವಾಗುವುದಿಲ್ಲ, ಒಂದೇ ಏಟಿಗೆ ಬಿಟ್ಟುಕೊಡುತ್ತದೆ. ದಾರಿಯಲ್ಲಿ ವಾಲಿಕೊಂಡಿದ್ದ ಲೋಡು ಬೆಲ್ಟಿನ ಆಸರೆಯಲ್ಲೇ ನಿಂತಿದ್ದರೆ ಬಿಚ್ಚಿದವನ ಮೇಲೇ ಬರುತ್ತದೆ. ಮೊದಲು ಸುತ್ತ ಒಂದು ಸಲ ನೋಡಿ, ಪಕ್ಕಕ್ಕೆ ನಿಂತು ಬಿಚ್ಚಬೇಕು. ಹೊರಟು ನಾಲ್ಕಾರು ಕಿಲೋಮೀಟರ್ ಹೋದಮೇಲೆ ಒಮ್ಮೆ ನಿಲ್ಲಿಸಿ ಮತ್ತೆ ಬಿಗಿಯುವುದೂ ಅಷ್ಟೇ ಮುಖ್ಯ. ಲೋಡು ಅಲುಗಿ ಕೂರುತ್ತದೆ, ಬೆಲ್ಟ್ ಸಡಿಲಾಗುತ್ತದೆ.

ಪಕ್ಕದ ಮೈಸೂರಿನಲ್ಲಿ ಪ್ರತಿ ದಸರಾಕ್ಕೆ 750 ಕೆಜಿಯ ಅಂಬಾರಿಯನ್ನು ಆನೆ ಮೇಲೆ ಕಟ್ಟುತ್ತಾರೆ. ಹಗ್ಗದಲ್ಲೇ. ಅದನ್ನು ತೋರಿಸಿ "ಹಗ್ಗ ಸಾಲದಾ?" ಅಂತ ಕೇಳುವವರಿದ್ದಾರೆ. ಸಾಲುತ್ತದೆ, ಆದರೆ ಅವರು ಮಾಡುವುದನ್ನೆಲ್ಲ ನಾವೂ ಮಾಡಿದರೆ. ಬೆನ್ನ ಮೇಲೆ ನಮ್ದಾ ಅನ್ನುವ ಮೆತ್ತೆ, ಗಾದಿ ಹಾಕಿ ಆಮೇಲೆ ಕಟ್ಟುತ್ತಾರೆ. ವಾರಗಟ್ಟಲೆ ಮರಳಿನ ಮೂಟೆ ಹೊರಿಸಿ ತಾಲೀಮು ಮಾಡಿಸುತ್ತಾರೆ. ಕಟ್ಟುವವರು ಅದರಲ್ಲೇ ಪಳಗಿದವರು. ದಾರಿ ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು 5 ಕಿ.ಮೀ., ಅದೂ ನಡಿಗೆಯಲ್ಲಿ. ನಾವು ಅದರ ಎರಡರಷ್ಟು ಭಾರ ಹೇರಿಕೊಂಡು 60ರಲ್ಲಿ ಹೋಗುತ್ತೇವೆ, ಕಟ್ಟಿದವನು ಯಾರು ಅಂತ ಕೇಳಿದರೆ ಹಮಾಲರ ಕಡೆ ಕೈ ತೋರಿಸುತ್ತೇವೆ.

ಬೆಲ್ಟ್ ಎಲ್ಲದಕ್ಕೂ ಮದ್ದು ಅಂತ ನಾನು ಹೇಳುತ್ತಿಲ್ಲ. ಎಳನೀರಿಗೆ, ಬಿಡಿ ಸಾಮಾನಿಗೆ ಬಲೆ ಮತ್ತು ಟಾರ್ಪಾಲ್ ಬೇಕು. ಖಾಲಿ ನೀರಿನ ಟ್ಯಾಂಕ್ ಜೋರಾಗಿ ಬಿಗಿದರೆ ಸೀಳುತ್ತದೆ, ಬಿಗಿಯದಿದ್ದರೆ ಗಾಳಿಗೆ ಎದ್ದು ಹೋಗುತ್ತದೆ. ಅದಕ್ಕೆ ಎರಡು ಬೆಲ್ಟ್, ಹದವಾದ ಬಿಗಿ. ಮೂಟೆಗಳ ಮೇಲೆ ಬರೀ ಬೆಲ್ಟ್ ಹಾಕಿದರೆ ಹೂತುಕೊಳ್ಳುತ್ತದೆ, ಅಂಚಿಗೊಂದು ಮರದ ಪಟ್ಟಿ ಇಟ್ಟು ಅದರ ಮೇಲೆ ಹಾಯಿಸಬೇಕು. ಸಿಮೆಂಟು, ಸುಣ್ಣ ಹೇರುವವರು ಒಂದು ವಿಷಯ ತಿಳಿದಿರಬೇಕು. ಪಾಲಿಯೆಸ್ಟರ್‌ಗೆ ಕ್ಷಾರ ಆಗಿಬರುವುದಿಲ್ಲ. ಒದ್ದೆ ಸಿಮೆಂಟು ಹತ್ತಿದ ಬೆಲ್ಟನ್ನು ತೊಳೆಯದೆ ಸುತ್ತಿಟ್ಟರೆ ಒಳಗೊಳಗೇ ಸಾಯುತ್ತದೆ. ಕಬ್ಬಿಣದ ಚೂಪು ಅಂಚಿನ ಮೇಲೆ ನೇರ ಹಾಯಿಸಬಾರದು, ನಡುವೆ ಹಳೆ ಟೈರಿನ ತುಂಡಾದರೂ ಇರಲಿ. ತುಂಡಾದ ಬೆಲ್ಟನ್ನು ಗಂಟು ಹಾಕಿ ಬಳಸುವುದಂತೂ ಬೇಡವೇ ಬೇಡ.

ಕಬ್ಬಿನ ಟ್ರ್ಯಾಕ್ಟರಿನ ಸಂಗತಿ ಬೇರೆಯೇ. ಕಬ್ಬು ದಾರಿಯುದ್ದಕ್ಕೂ ಕುಸಿದು ಕೂರುತ್ತದೆ. ಮೈಷುಗರ್ ಸಕ್ಕರೆ ಕಾರ್ಖಾನೆ ಶುರುವಾದ 1933ರಿಂದ ಈ ಜಿಲ್ಲೆಯಲ್ಲಿ ಕಬ್ಬು ಸಾಗಿಸುತ್ತಿದ್ದೇವೆ, ಇವತ್ತಿಗೂ ರಸ್ತೆಗೆ ಕಬ್ಬು ಉದುರುವುದು ನಿಂತಿಲ್ಲ. ಅಲ್ಲಿ ಮೊದಲು ಎತ್ತರಕ್ಕೆ ಮಿತಿ ಹಾಕಬೇಕು, ಆಮೇಲೆ ಕಟ್ಟುವ ಮಾತು.

ಕಂಬಿಯದು ಎಲ್ಲಕ್ಕಿಂತ ಕೆಟ್ಟದ್ದು. ಕಂಬಿ 12 ಮೀಟರ್ ಉದ್ದ ಬರುತ್ತದೆ, ಸುಮಾರು 40 ಅಡಿ. ನಡುವೆ ಮಡಚಿದರೂ 20 ಅಡಿ. ನನ್ನ ಪಿಕಪ್‌ನ ಬಾಡಿ 9 ಅಡಿ. ಲಗೇಜ್ ಆಟೋದ್ದು ಇನ್ನೂ ಚಿಕ್ಕದು. ಮಿಕ್ಕ ಅಡಿಗಳು ಎಲ್ಲಿರುತ್ತವೆ? ಹಿಂದೆ ಬರುವ ಬೈಕಿನವನ ಎದೆಯ ಮಟ್ಟದಲ್ಲಿ. ಮೇಲಿಂದ ಎಷ್ಟೇ ಬಿಗಿದರೂ ಕಂತೆಯ ಒಳಗಿನ ಕಂಬಿಗಳು ನುಣುಚಿಕೊಳ್ಳುತ್ತವೆ, ಬೆಲ್ಟನ್ನು ಕಂತೆಯ ಸುತ್ತಲೂ ಸುತ್ತಿ ಬಿಗಿಯಬೇಕು. ಅದನ್ನೂ ಉದ್ದ ಬಾಡಿಯ ಗಾಡಿಯಲ್ಲಿ ಮಾಡಿದರೆ ಮಾತ್ರ ಅರ್ಥ. ಚಿಕ್ಕ ಗಾಡಿಗೆ ಹಾಕುವುದಾದರೆ ಅಂಗಡಿಯಲ್ಲೇ ಅಳತೆಗೆ ಕತ್ತರಿಸಿ ಕೊಡಲಿ.

ಇದಕ್ಕೆ ಕಾನೂನು ಇಲ್ಲ ಅಂತಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಲ್ಲಿ 194 (1ಎ) ಕಲಂ ಬಂತು. ಲೋಡು ಬಾಡಿಯ ಪಕ್ಕಕ್ಕೆ, ಹಿಂದೆ, ಮುಂದೆ ಚಾಚಿದ್ದರೆ ಅಥವಾ ಮಿತಿ ಮೀರಿ ಎತ್ತರ ಇದ್ದರೆ 20,000 ರೂಪಾಯಿ ದಂಡ, ಇಳಿಸುವ ಖರ್ಚು ಬೇರೆ. ಆ ಕಲಮಿನಲ್ಲಿ ಗಾಡಿ ಓಡಿಸಿದವನಷ್ಟೇ ಇಲ್ಲ. ಓಡಿಸುವಂತೆ ಮಾಡಿದವನು, ಓಡಿಸಲು ಬಿಟ್ಟವನು ಕೂಡ ಇದ್ದಾನೆ. ಆದರೆ ರಸ್ತೆಯಲ್ಲಿ ಕೈಗೆ ಸಿಗುವವನು ಡ್ರೈವರ್ ಒಬ್ಬನೇ. 20,000 ಅಂದರೆ ನಮ್ಮಂಥವರಿಗೆ ತಿಂಗಳ ದುಡಿಮೆ. ಆ ದಂಡಕ್ಕೆ ಹೆದರಿದ ಡ್ರೈವರ್ ಕಂಬಿ ಬಿಡುವುದಿಲ್ಲ, ರಾತ್ರಿ ಹೊರಡುತ್ತಾನೆ, ಒಳದಾರಿ ಹಿಡಿಯುತ್ತಾನೆ. ಮಾಲು ಕಳಿಸಿದವರು ಬಿಲ್ ಬರೆದು ಆರಾಮಾಗಿ ಕೂತಿರುತ್ತಾರೆ. "ಬೇಗ ತೆಗಿ, ಮುಂದಿನ ಗಾಡಿ ಬರಬೇಕು" ಅಂತ ಅವಸರ ಮಾಡುವವರೂ ಅವರೇ. ಕಟ್ಟಲು ಬೇಕಾದ ಹತ್ತು ನಿಮಿಷಕ್ಕೆ ಬಾಡಿಗೆಯಲ್ಲಿ ಕಾಸಿಲ್ಲ, ಅಂಗಳದಲ್ಲಿ ಜಾಗವಿಲ್ಲ.

ಆದ್ದರಿಂದ ನನ್ನ ಸಲಹೆ ತೂಕದ ಚೀಟಿಯ ಹತ್ತಿರದ್ದು. ಸಕ್ಕರೆ ಕಾರ್ಖಾನೆ, ಅಕ್ಕಿ ಗಿರಣಿ, ದೊಡ್ಡ ಕಬ್ಬಿಣದ ಯಾರ್ಡು, ತೂಬಿನಕೆರೆ ಮತ್ತು ಸೋಮನಹಳ್ಳಿ ಕೈಗಾರಿಕಾ ಪ್ರದೇಶದ ಘಟಕಗಳು, ಇವುಗಳ ಭಾರಿ ಲೋಡು ಸಾಮಾನ್ಯವಾಗಿ ಒಂದು ವೇ ಬ್ರಿಡ್ಜ್ (ಗಾಡಿ ತೂಗುವ ತಕ್ಕಡಿ) ಹತ್ತದೆ ಹೊರಗೆ ಹೋಗುವುದಿಲ್ಲ. ಅಲ್ಲಿ ಒಬ್ಬ ಮನುಷ್ಯ ಕೂತು ಚೀಟಿ ಕೊಡುತ್ತಾನೆ, ಇಲ್ಲವೇ ಗೇಟ್ ಪಾಸ್ ಕೊಡುತ್ತಾನೆ. ಲೋಡು ಕಟ್ಟಿದೆಯಾ, ಹಿಂದೆ ಚಾಚಿದೆಯಾ, ಮೇಲೆ ಯಾರಾದರೂ ಕೂತಿದ್ದಾರಾ ಅಂತ ಅವನು ಎದ್ದು ಬಂದು ಒಮ್ಮೆ ನೋಡಲಿ. ಕಟ್ಟಿಲ್ಲದಿದ್ದರೆ ಚೀಟಿ ಇಲ್ಲ. ಜಿಲ್ಲಾಡಳಿತ ಈ ಮಾಲೀಕರನ್ನು ಒಂದು ಸಭೆಗೆ ಕರೆದು ಇಷ್ಟು ಹೇಳಿದರೆ ಸಾಕು, ಹೊಸ ಕಾನೂನು ಬೇಕಿಲ್ಲ. ಗೇಟಿನ ಹತ್ತಿರ ಕಟ್ಟಿಕೊಳ್ಳಲು ಸ್ವಲ್ಪ ಜಾಗ ಬಿಡಲಿ. ಅಲ್ಲೇ ನಾಲ್ಕು ಬೆಲ್ಟ್ ಇಟ್ಟು ಅಡ್ವಾನ್ಸ್ ತಗೊಂಡು ಕೊಟ್ಟರೂ ಸರಿ.

ಸಾರಿಗೆ ಇಲಾಖೆಯಿಂದ ಒಂದು ಕೆಲಸ ಆಗಬೇಕು. ನಮ್ಮ ಗಾಡಿಗಳ ಬಾಡಿಯ ಮೇಲೆ ಬೆಸುಗೆ ಹಾಕಿರುವ ಕೊಕ್ಕೆಗಳು ಟಾರ್ಪಾಲ್ ಹಗ್ಗಕ್ಕೆ ಅಂತ ಮಾಡಿದವು. ಬೆರಳು ದಪ್ಪದ ಕಂಬಿ ಬಗ್ಗಿಸಿ ಅಂಟಿಸಿರುತ್ತಾರೆ. ರಾಚೆಟ್ ಎಳೆದರೆ ಕೊಕ್ಕೆಯೇ ಕಿತ್ತು ಬರುತ್ತದೆ. ಆಗ ಎಷ್ಟು ಒಳ್ಳೆಯ ಬೆಲ್ಟ್ ಇದ್ದರೂ ಏನು ಬಂತು? ತಳದ ಅಡ್ಡಪಟ್ಟಿಗೆ, ಇಲ್ಲವೇ ಚಾಸಿಗೆ ಸೇರಿದ ಗಟ್ಟಿ ಬಳೆಗಳು ಬೇಕು. ಗೂಡ್ಸ್ ಗಾಡಿಗಳು 8 ವರ್ಷದವರೆಗೆ 2 ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್‌ಸಿಗೆ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟಿನ ತಪಾಸಣೆಗೆ ಬರುತ್ತವೆ. ಲೈಟು, ಬ್ರೇಕು, ರಿಫ್ಲೆಕ್ಟರ್ ನೋಡುವಾಗ ಈ ಬಳೆಗಳನ್ನೂ ಒಮ್ಮೆ ನೋಡಿ. ಮೊದಲ ಸಲಕ್ಕೇ ಎಫ್‌ಸಿ ನಿಲ್ಲಿಸಬೇಡಿ, ಹೇಳಿ ಕಳಿಸಿ. ಬಾಡಿ ಕಟ್ಟುವ ಶೆಡ್ಡಿನವರಿಗೆ ಸುದ್ದಿ ಮುಟ್ಟಿದರೆ ಮುಂದಿನ ಬಾಡಿಗಳಲ್ಲಿ ತಾನಾಗಿ ಬರುತ್ತದೆ.

ಗಾಡಿ ಬಾಡಿಗೆಗೆ ಕರೆಯುವ ಸಾರ್ವಜನಿಕರಿಗೂ ಎರಡು ಮಾತು. ಮನೆ ಬದಲಾಯಿಸುವಾಗ ಬಾಡಿಗೆ ಎಷ್ಟು ಅಂತ ಕೇಳುವ ಜೊತೆಗೆ ಬೆಲ್ಟ್ ಇದೆಯಾ ಅಂತಲೂ ಕೇಳಿ. ನಾಲ್ಕು ಜನ ಕೇಳಿದರೆ ಐದನೆಯವರು ಕೇಳುವ ಮೊದಲೇ ಡ್ರೈವರ್ ತಂದಿರುತ್ತಾನೆ. ಕಟ್ಟಲು ಹತ್ತು ನಿಮಿಷ ತಗೊಂಡರೆ ಗಡಿಯಾರ ನೋಡಬೇಡಿ. ಮನೆಯ ಹುಡುಗನನ್ನು ಲೋಡಿನ ಮೇಲೆ ಕೂರಿಸಬೇಡಿ, ಅವನು ಎಷ್ಟೇ ಆಸೆಪಟ್ಟರೂ.

ಸಮಿತಿಯ ಸಭೆಗೆ ಕರೆದರೆ ನಮ್ಮ ಸ್ಟ್ಯಾಂಡಿನಿಂದ ಒಂದೆರಡು ಗಾಡಿ ತಂದು ನಿಲ್ಲಿಸುತ್ತೇವೆ. ಬೆಲ್ಟ್, ರಬ್ಬರ್ ಹಾಸು ನಮ್ಮದೇ. ಹಗ್ಗದಲ್ಲಿ ಕಟ್ಟಿದ್ದು ಹೇಗಿರುತ್ತದೆ, ಬೆಲ್ಟಿನಲ್ಲಿ ಕಟ್ಟಿದ್ದು ಹೇಗಿರುತ್ತದೆ, ಸಾಹೇಬರೇ ಕೈ ಹಾಕಿ ಎಳೆದು ನೋಡಲಿ. ಕಾರ್ಖಾನೆಗಳು ಕಬ್ಬು ಅರೆಯಲು ಶುರು ಮಾಡುವ ಮೊದಲೇ ದಿನ ಗೊತ್ತು ಮಾಡಿದರೆ ಅನುಕೂಲ. ಸೀಸನ್ ಶುರುವಾದರೆ ನಮ್ಮಲ್ಲಿ ಯಾರೂ ಕೈಗೆ ಸಿಗುವುದಿಲ್ಲ.

ಇಂತಿ,
ಮಂಡ್ಯದ ಒಬ್ಬ ಪಿಕಪ್ ಮಾಲೀಕ ಮತ್ತು ಚಾಲಕ